ಮಹೀಂದ್ರಾ ಎಂಎಂ 540 ಜೀಪಿಗೆ ಪ್ಯೂಜೋ ತೆಗ್ದು ಡಿಐ ಇಂಜಿನ್ ಹಾಕ್ಸಿದ್ಮೇಲೆ ಹೀಟು, ನಡುಕ, ಬ್ರೇಕ್ ಗಟ್ಟಿ: ಹೆಡ್ ಬಿಚ್ಲೇಬೇಕಾ?

ತೋಟದ ಜೀಪು (ಮಾದಾಪುರ)
ಎಲ್ರಿಗೂ ನಮಸ್ಕಾರ. ನಮ್ಮನೇಲಿ 1992ರ ಎಂಎಂ 540 ಇದೆ, ಅಪ್ಪ ತಗೊಂಡಿದ್ದು, ತೋಟಕ್ಕೂ ಅದೇ, ಮದುವೆ ಮನೆಗೂ ಅದೇ. ಪ್ಯೂಜೋ ಇಂಜಿನ್ ಬ್ಲಾಕಲ್ಲೇ ಬಿರುಕು ಬಂತು, ವೆಲ್ಡಿಂಗ್ ಮಾಡ್ಸಿದ್ರೂ ನೀರು ನಿಲ್ಲಲಿಲ್ಲ, ಲೈನರ್ ಪಿಸ್ಟನ್ ಹುಡುಕೋದೂ ಕಷ್ಟ ಆಗ್ಹೋಗಿತ್ತು. ಮಾರೋಕೆ ಮನಸ್ಸು ಬರ್ಲಿಲ್ಲ. ಹಂಗಾಗಿ ಜಿಲ್ಲೆ ಹೊರಗಿನ ಒಂದು ಗ್ಯಾರೇಜಲ್ಲಿ, ಗುಜರಿಗೆ ಬಂದಿದ್ದ ಬೊಲೆರೋದ 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಇಂಜಿನ್ ಕೂರಿಸ್ಕೊಂಡು ಬಂದ್ವಿ. ಗೇರ್‌ಬಾಕ್ಸ್, ರೇಡಿಯೇಟರ್, ಮೀಟರ್ ಬೋರ್ಡು ಎಲ್ಲ ಹಳೇದೇ.

ಎಳೆತ ಸೂಪರ್, ಅದ್ರಲ್ಲಿ ಎರಡು ಮಾತಿಲ್ಲ, ಮೂಟೆ ಹೇರ್ಕೊಂಡು ತೋಟದ ಏರು ಎರಡನೇ ಗೇರಲ್ಲೇ ಹತ್ತುತ್ತೆ. ಆದ್ರೆ ಬಂದ ದಿನದಿಂದ ಒಂದಲ್ಲ ಒಂದು. ಸುಳ್ಯದಿಂದ ವಾಪಸ್ ಬರುವಾಗ ಕೊಯನಾಡು ದಾಟಿ ದೇವರಕೊಲ್ಲಿ ಮುಟ್ಟೋಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತೆ. ಅದು ಘಾಟಿ ಅಂತ ಬಿಡೋಣ, ಸಂಜೆ ಮೇಲೆ ಸುಂಟಿಕೊಪ್ಪದಿಂದ ಮನೆಗೆ ಬರೋ ಅಷ್ಟೇ ದೂರಕ್ಕೂ ಏರಿಬಿಡುತ್ತೆ, ಬೆಳಿಗ್ಗೆ ಅದೇ ರಸ್ತೇಲಿ ಏನೂ ಇಲ್ಲ. ಚಳಿಗೆ ಸ್ಟಾರ್ಟರ್ ಸುಸ್ತಾಗಿ ತಿರುಗುತ್ತೆ, ಹೊಸ ಬ್ಯಾಟರಿ ಹಾಕಿದ್ರೂ ಅದೇ ಕತೆ, ಹತ್ಕೊಂಡ ಮೇಲೂ ಸ್ವಲ್ಪ ಹೊತ್ತು ಬಿಳಿ ಹೊಗೆ ಬಿಟ್ಕೊಂಡು ಮಿಸ್ ಹೊಡೆಯುತ್ತೆ. ನಿಂತಲ್ಲೇ ಓಡುವಾಗ ಕನ್ನಡೀಲಿ ಹಿಂದಿನ ಗಾಡಿ ಕಾಣ್ದಷ್ಟು ನಡುಕ, ಮತ್ತೆ 50ರ ಹತ್ರ ಬೇರೆ ಥರದ ನಡುಕ. ಬ್ರೇಕ್ ಪೆಡಲ್ ಒಂದೊಂದ್ಸಲ ತುಳಿಯಕ್ಕೇ ಆಗಲ್ಲ ಅಷ್ಟು ಗಟ್ಟಿ, ಬೂಸ್ಟರ್ (ವ್ಯಾಕ್ಯೂಮಲ್ಲಿ ಪೆಡಲ್ ಹಗುರ ಮಾಡೋದು) ಮೊದಲೇ ಹಾಕ್ಸಿದ್ದು ಇದೆ.

ಗ್ಯಾರೇಜ್‌ನೋರು ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ಮಧ್ಯದ ಸೀಲು) ಹೋಗಿದೆ, ಹೆಡ್ ಬಿಚ್ಚಿ ಫೇಸಿಂಗ್ (ತಳ ಸಪಾಟು) ಮಾಡಿಸ್ಬೇಕು, ಜೊತೆಗೆ ಹೊಸ ರೇಡಿಯೇಟರ್ ಬೇಕು ಅಂತಿದಾರೆ. ಕಾಫಿ ಕುಯ್ಲು ಶುರುವಾಗೋ ಮೊದಲು ಗಾಡಿ ರೆಡಿ ಇರ್ಬೇಕು. ತಿಳಿದೋರು ಹೇಳಿ.

ಕೊಯನಾಡಿನವ
ಮಾರಾಯ್ರೆ ಮೊದ್ಲು ಬ್ರೇಕ್ ನೋಡಿ, ಉಳಿದದ್ದೆಲ್ಲ ಆಮೇಲೆ. ಹೀಟಾದ್ರೆ ಬದಿಗೆ ನಿಲ್ಸಬಹುದು, ಜೋಡುಪಾಲದ ಇಳಿಜಾರಲ್ಲಿ ಪೆಡಲ್ ಗಟ್ಟಿ ಆದ್ರೆ ಎಲ್ಲಿ ನಿಲ್ಸುದು? ಅದು ಸರಿ ಆಗುವವರೆಗೆ ಗಾಡಿ ಘಾಟಿಗೆ ತರ್ಬೇಡಿ.

ಪೊನ್ನಂಪೇಟೆ 550
ಥರ್ಮೋಸ್ಟಾಟ್ ತೆಗ್ದು ಎಸೀರಿ ಅಣ್ಣ. ನಮ್ಮ ಕಡೆ ಯಾವ ಜೀಪಲ್ಲೂ ಅದು ಇಲ್ಲ. ಹೀಟ್ ಸಮಸ್ಯೆ ಅಲ್ಲಿಗೆ ಮುಗೀತು.

ಡೀಸೆಲ್ ಪಂಪ್ (ಕುಶಾಲನಗರ)
ಥರ್ಮೋಸ್ಟಾಟ್ ಎಸೀರಿ ಅನ್ನೋ ಸಲಹೆ ಕೊಡಬೇಡಿ ದಯವಿಟ್ಟು. ಅದು ಮುಚ್ಚಿರುವಾಗ ನೀರು ಬೈಪಾಸ್ ದಾರೀಲಿ ಇಂಜಿನ್ ಒಳಗೇ ಸುತ್ತುತ್ತೆ, ತೆರೆದಾಗ ರೇಡಿಯೇಟರ್‌ಗೆ ಹೋಗುತ್ತೆ. ಕೆಲವು ಇಂಜಿನಲ್ಲಿ ಅದೇ ಥರ್ಮೋಸ್ಟಾಟ್ ಬಿಸಿಯಾದ್ಮೇಲೆ ಬೈಪಾಸ್ ಮುಚ್ಚೋ ಕೆಲಸನೂ ಮಾಡುತ್ತೆ, ಅಂಥದ್ರಲ್ಲಿ ಕಿತ್ತು ಹಾಕಿದ್ರೆ ಒಂದಿಷ್ಟು ಬಿಸಿ ನೀರು ರೇಡಿಯೇಟರ್ ನೋಡ್ದೆ ವಾಪಸ್ ಇಂಜಿನ್ನಿಗೇ ಬರುತ್ತೆ, ಏರಲ್ಲಿ ಇನ್ನೂ ಹೀಟಾಗುತ್ತೆ. ಮಡಿಕೇರಿ ಚಳೀಲಿ ಇಂಜಿನ್ ಸರಿಯಾಗಿ ಬಿಸಿಯೇ ಆಗದೆ ಡೀಸೆಲ್ ಪೂರ್ತಿ ಸುಡಲ್ಲ, ಹೊಗೆ ಬರುತ್ತೆ, ಆಯಿಲ್ ಹಾಳಾಗುತ್ತೆ. ಬಿಸಿ ನೀರಿನ ಪಾತ್ರೇಲಿ ಮುಳುಗಿಸಿ ತೆರೆಯುತ್ತಾ ನೋಡಿ, ತೆರೆಯಲಿಲ್ಲ ಅಂದ್ರೆ ಹೊಸದು ಹಾಕಿ.

ಇನ್ನು ಹೆಡ್ ಗ್ಯಾಸ್ಕೆಟ್. ಬಿಚ್ಚೋ ಮೊದಲು ಪರೀಕ್ಷೆ ಮಾಡಕ್ಕೆ ಖರ್ಚೇ ಇಲ್ಲ. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಮಾತ್ರ ರೇಡಿಯೇಟರ್ ಕ್ಯಾಪ್ ತೆಗೀರಿ (ಬಿಸಿ ಇದ್ದಾಗ ಮುಟ್ಟಬೇಡಿ, ಮುಖ ಸುಟ್ಕೊಂಡೋರನ್ನ ನೋಡಿದೀನಿ), ನೀರು ತುಂಬ್ಸಿ, ಸ್ಟಾರ್ಟ್ ಮಾಡಿ. ಗ್ಯಾಸ್ಕೆಟ್ ಹೋಗಿದ್ರೆ ಗುಳ್ಳೆ ನಿಲ್ಲದೆ ಬರ್ತಾನೇ ಇರುತ್ತೆ, ರೇಸ್ ಕೊಟ್ಟಷ್ಟೂ ಜಾಸ್ತಿ. ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿದ ತಕ್ಷಣ, ಇನ್ನೂ ತಣ್ಣಗಿರುವಾಗಲೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿ ಆಗುತ್ತೆ. ಡಿಪ್ ಸ್ಟಿಕ್‌ಲಿ ಆಯಿಲ್ ಹಾಲು ಬೆರೆತ ಬಣ್ಣ ಇದೆಯಾ, ದಿನಾ ನೀರು ಕಡಿಮೆ ಆಗ್ತಿದೆಯಾ ನೋಡಿ. ಇದ್ಯಾವುದೂ ಇಲ್ಲ ಅಂದ್ರೆ ಹೆಡ್‌ಗೆ ಸ್ಪ್ಯಾನರ್ ಹಾಕಕ್ಕೆ ಯಾರಿಗೂ ಬಿಡಬೇಡಿ.

ಹಳೇ ವಿಲ್ಲಿಸ್ (ವಿರಾಜಪೇಟೆ)
ಪ್ಯೂಜೋ ತೆಗೆದಿದ್ದೇ ನನಗೆ ಬೇಜಾರು. ಎಕ್ಸ್‌ಡಿಪಿ 4.90 ಅಂದ್ರೆ 90 ಮಿಲಿಮೀಟರ್ ಬೋರಿನ (ಸಿಲಿಂಡರ್ ಅಗಲ) ನಾಲ್ಕು ಸಿಲಿಂಡರ್, 2112 ಸಿಸಿ, ಅದರ ಮೆತ್ತಗಿನ ಓಟವೇ ಬೇರೆ. ಡಿಐ ಟ್ರ್ಯಾಕ್ಟರ್ ವಂಶದ ಇಂಜಿನ್ನು. ಹಳೇ ಇಂಟರ್‌ನ್ಯಾಷನಲ್ ಬಿ 275 ಟ್ರ್ಯಾಕ್ಟರ್ ಇಂಜಿನ್ನಿನ ಸ್ಟ್ರೋಕ್ (ಪಿಸ್ಟನ್ ಓಡಾಡೋ ಉದ್ದ) 4 ಇಂಚು, ಇದರದ್ದೂ ಅಷ್ಟೇ, ಬೋರ್ ಮಾತ್ರ ಸ್ವಲ್ಪ ದೊಡ್ಡದು. ಪ್ಯೂಜೋ ತರ ನಯವಾಗಿ ಓಡಲಿ ಅಂತ ಅದರಿಂದ ಬಯಸಬಾರದು, ನಡುಕ ಸ್ವಲ್ಪ ಇದ್ದೇ ಇರುತ್ತೆ.

ಪೊನ್ನಂಪೇಟೆ 550
ಅಂಕಲ್ ನಯ ಇಟ್ಕೊಂಡು ಕಾಫಿ ಮೂಟೆ ಸಾಗಿಸಕ್ಕಾಗುತ್ತಾ? ಪ್ಯೂಜೋ 62 ಹಾರ್ಸ್‌ಪವರ್ ಕೊಡೋದು 4500 ಆರ್‌ಪಿಎಂಗೆ, ಡಿಐ 63 ಕೊಡೋದು 3200ಕ್ಕೆ. ಟಾರ್ಕ್ (ತಿರುಗಿಸೋ ಬಲ) ಒಂದೂವರೆ ಪಟ್ಟು, ಅದೂ 1500ರ ಒಳಗೇ ಪೂರ್ತಿ ಸಿಗುತ್ತೆ. ಮಳೆಗಾಲದ ಕೆಸರಲ್ಲಿ ಅದೇ ಬೇಕಾಗಿರೋದು.

ಹಳೇ ವಿಲ್ಲಿಸ್ (ವಿರಾಜಪೇಟೆ)
ಆ ಒಂದೂವರೆ ಪಟ್ಟು ಟಾರ್ಕನ್ನ ತಡ್ಕೊಳ್ಳೋದು ಅದೇ ಹಳೇ ಗೇರ್‌ಬಾಕ್ಸು, ಅದೇ ಹಳೇ ಜಾಯಿಂಟು. ಕ್ಲಚ್ಚನ್ನ ಒಮ್ಮೆಲೇ ಬಿಟ್ಟು ಎಳೆಸಿದ್ರೆ ಗೇರ್ ಹಲ್ಲು ಕೈಗೆ ಬರುತ್ತೆ. ನಮ್ಮ ತಂದೆಯವರ ಹತ್ರ ಸಿಜೆ 3ಬಿ ಜೀಪು ಇತ್ತು, ಹರಿಕೇನ್ ಪೆಟ್ರೋಲ್ ಇಂಜಿನ್ನು, ಇನ್ಲೆಟ್ ವಾಲ್ವ್ ಮೇಲೆ, ಎಗ್ಸಾಸ್ಟ್ ವಾಲ್ವ್ ಪಕ್ಕದಲ್ಲಿ. ಅದಕ್ಕೆ ಯಾರೋ ಡೀಸೆಲ್ ಇಂಜಿನ್ ಕೂರಿಸಿ ಕೊಟ್ರು, ಕ್ರೌನ್ ಪಿನಿಯನ್ (ಆಕ್ಸಲ್ ಒಳಗಿನ ಗೇರು) ಮಾತ್ರ ಹಳೇ 5.38 ರೇಷಿಯೋದ್ದೇ ಬಿಟ್ರು. ಇಂಜಿನ್ ಅರಚ್ತಾ ಇತ್ತು, ಗಾಡಿ ಮುಂದೆ ಹೋಗ್ತಿರಲಿಲ್ಲ. ಇಂಜಿನ್ ಬದಲಾಯಿಸೋದು ಅಂದ್ರೆ ಅದರ ಹಿಂದೆ ಮುಂದೆ ಇರೋದನ್ನೂ ಹೊಂದಿಸೋದು.

ಮಲ್ಟಿಮೀಟರ್ (ಸೋಮವಾರಪೇಟೆ)
ಎಲ್ರೂ ಒಂದ್ನಿಮಿಷ ನಿಲ್ಸಿ. ಮೊದಲನೇ ಪೋಸ್ಟಲ್ಲಿ ಒಂದು ಮಾತಿದೆ, ಯಾರೂ ಹಿಡಿಲಿಲ್ಲ. ಬೆಳಿಗ್ಗೆ ಹೀಟ್ ಇಲ್ಲ, ಸಂಜೆ ಅದೇ ರಸ್ತೇಲಿ ಹೀಟ್. ಸಂಜೆ ಏನು ಬೇರೆ? ಹೆಡ್‌ಲೈಟ್! ಜೊತೆಗೆ ಹೊಸ ಬ್ಯಾಟರೀಲೂ ಸ್ಟಾರ್ಟರ್ ಸುಸ್ತು. ಎರಡೂ ಸೇರಿಸಿದ್ರೆ ನನಗೆ ಕಾಣೋದು ಒಂದೇ, ಇಂಜಿನ್ನಿಗೆ ಅರ್ಥ್ ಇಲ್ಲ.

ವಿವರವಾಗಿ ಹೇಳ್ತೀನಿ. ಬ್ಯಾಟರಿ ನೆಗೆಟಿವ್ ಚಾಸಿಗೆ ಕಟ್ಟಿರ್ತಾರೆ. ಇಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ಅಂದ್ರೆ ಚಾಸಿಗೂ ಇಂಜಿನ್ನಿಗೂ ನೇರ ಸಂಪರ್ಕ ಇಲ್ಲ. ಮಧ್ಯದಲ್ಲಿ ಒಂದು ದಪ್ಪ ಅರ್ಥ್ ಸ್ಟ್ರಾಪ್ ಇರಲೇಬೇಕು. ಇಂಜಿನ್ ಇಳಿಸುವಾಗ ಅದನ್ನ ಬಿಚ್ಚಿ ಪಕ್ಕಕ್ಕಿಟ್ಟಿರ್ತಾರೆ, ಹೊಸ ಇಂಜಿನಲ್ಲಿ ಆ ಬೋಲ್ಟ್ ಜಾಗ ಬೇರೆ ಕಡೆ ಇರುತ್ತೆ, ಅಲ್ಲಿಗೆ ಮರ್ತೇ ಹೋಗುತ್ತೆ. ಆಗ ಸ್ಟಾರ್ಟರಿನ ಅಷ್ಟೂ ಕರೆಂಟು ವಾಪಸ್ ಬರೋದು ಆಕ್ಸಿಲರೇಟರ್ ಕೇಬಲ್, ಹ್ಯಾಂಡ್‌ಬ್ರೇಕ್ ಕೇಬಲ್, ಗೇರ್‌ಬಾಕ್ಸ್ ಬೇರಿಂಗ್ ಅಂತ ಸಿಕ್ಕ ದಾರೀಲಿ. ಕೇಬಲ್ ಬಿಸಿ ಆಗಿ ಒಳಗೇ ಅಂಟ್ಕೊಳ್ಳೋದೂ ಉಂಟು.

ಟೆಂಪರೇಚರ್ ಸೆನ್ಸರ್ ಅರ್ಥ್ ತಗೊಳ್ಳೋದು ಇಂಜಿನ್ ಬಾಡಿಯಿಂದಲೇ. ಆಲ್ಟರ್ನೇಟರ್ ಕೂತಿರೋದೂ ಇಂಜಿನ್ ಮೇಲೆ. ಲೈಟ್ ಹಾಕಿದ್ರೆ ಆ ಕರೆಂಟು ಚಾಸಿಯಿಂದ ಇಂಜಿನ್ನಿಗೆ ವಾಪಸ್ ಹೋಗಬೇಕು, ದಾರಿ ಕೆಟ್ಟಿದ್ರೆ ಎರಡರ ಮಧ್ಯೆ ವೋಲ್ಟೇಜ್ ವ್ಯತ್ಯಾಸ ಬರುತ್ತೆ, ಮೀಟರ್‌ಗೆ ಜಾಸ್ತಿ ಕರೆಂಟ್ ಹರಿದು ಮುಳ್ಳು ಮೇಲೆ ಹೋಗುತ್ತೆ. ನೀರು ಬಿಸಿ ಆಗಿರೋದೇ ಇಲ್ಲ.

ಪರೀಕ್ಷೆ ಹೀಗೆ ಮಾಡಿ. ಮೀಟರನ್ನ ಡಿಸಿ 20 ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಇಂಜಿನ್ ಬ್ಲಾಕಿನ ಬಣ್ಣ ಇಲ್ಲದ ಜಾಗದಲ್ಲಿ. ಯಾರಾದ್ರೂ ಸೆಲ್ಫ್ ಹೊಡೀಲಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದ್ರೆ ಅರ್ಥ್ ಸರಿ ಇಲ್ಲ ಅಂತ ಖಾತ್ರಿ. ಮೀಟರ್ ಇಲ್ವಾ, ಜಂಪರ್ ಕೇಬಲ್ಲನ್ನ ಬ್ಯಾಟರಿ ನೆಗೆಟಿವ್‌ನಿಂದ ಇಂಜಿನ್ನಿಗೆ ಕಚ್ಚಿಸಿ ಸೆಲ್ಫ್ ಹೊಡೀರಿ, ಜೋರಾಗಿ ತಿರುಗಿದ್ರೆ ಉತ್ತರ ಸಿಕ್ಕಿತು.

ನಾಪೋಕ್ಲು ಮೆಣಸು
ಇದನ್ನ ಓದಿ ನಮ್ಮ ಗಾಡೀಲಿ ನೋಡ್ದೆ, ನಮ್ಮದ್ರಲ್ಲೂ ಸ್ಟ್ರಾಪ್ ತುಕ್ಕು ಹಿಡ್ದು ಎರಡೇ ಎಳೆ ಉಳ್ದಿದೆ! ಥ್ಯಾಂಕ್ಸ್ ಬ್ರದರ್.

ಪೊನ್ನಂಪೇಟೆ 550
ಸರಿ ಮುಳ್ಳು ಸುಳ್ಳು ಹೇಳ್ತಿದೆ ಅಂತಾನೇ ಇಟ್ಕೊಳ್ಳಿ, ಹಗಲು ಘಾಟೀಲಿ ಹೀಟಾಗೋದಕ್ಕೆ ಏನ್ ಹೇಳ್ತೀರಿ? ಆಗ ಲೈಟ್ ಹಾಕಿರಲ್ವಲ್ಲ.

ಮಲ್ಟಿಮೀಟರ್ (ಸೋಮವಾರಪೇಟೆ)
ಅದು ನಿಜವಾದ ಹೀಟ್ ಇರಬಹುದು, ಇಲ್ಲ ಅಂದಿಲ್ಲ. ಎರಡು ಬೇರೆ ಬೇರೆ ರೋಗ ಒಂದೇ ಮುಳ್ಳಲ್ಲಿ ಕಾಣ್ತಿದೆ. ಅದಕ್ಕೇ ಮೊದಲು ಅರ್ಥ್ ಕಟ್ಟಿ, ಆಮೇಲೆ ಮುಳ್ಳಿನ ಮಾತು ನಂಬಿ. ಹಾಗೇ ಸೆನ್ಸರ್ ಯಾವುದು ಅಂತಲೂ ನೋಡಿ, ಬೊಲೆರೋದ ಸೆನ್ಸರ್ ಹಳೇ ಮೀಟರಿಗೆ ಹೊಂದದೇ ಇರಬಹುದು. ಹಳೇ ಇಂಜಿನಿನ ಸೆನ್ಸರನ್ನೇ ಬುಷ್ ಹಾಕಿ ಕೂರಿಸಿದ್ರೆ ಮೀಟರ್ ಸರಿಯಾಗಿ ತೋರಿಸುತ್ತೆ.

ಬೆಂಗಳೂರಲ್ಲಿರೋ ಕೊಡಗಿನವ
ಬ್ರೇಕ್‌ಗೆ ಸಿಂಪಲ್ ಐಡಿಯಾ ಗುರು, ಬೂಸ್ಟರ್ ಪೈಪನ್ನ ಇನ್ಲೆಟ್ ಮ್ಯಾನಿಫೋಲ್ಡಿಗೆ (ಇಂಜಿನ್ನಿಗೆ ಗಾಳಿ ಹೋಗೋ ಕೊಳವೆ) ಕನೆಕ್ಟ್ ಮಾಡ್ಸಿ. ನನ್ನ ಹಳೇ ಪದ್ಮಿನಿ ಕಾರಲ್ಲಿ ಹಂಗೇ ಮಾಡಿದ್ರು, ಈಗಲೂ ಚೆನ್ನಾಗಿದೆ.

ಡೀಸೆಲ್ ಪಂಪ್ (ಕುಶಾಲನಗರ)
ಪದ್ಮಿನಿ ಪೆಟ್ರೋಲು ಸ್ವಾಮಿ! ಪೆಟ್ರೋಲ್ ಇಂಜಿನಲ್ಲಿ ಕಾರ್ಬೊರೇಟರ್ ಒಳಗೆ ಗಾಳಿ ತಡೆಯೋ ಥ್ರಾಟಲ್ ಇರುತ್ತೆ, ಅದರ ಹಿಂದೆ ವ್ಯಾಕ್ಯೂಮ್ ಹುಟ್ಟುತ್ತೆ. ಈ ಡೀಸೆಲ್ಲಿಗೆ ಥ್ರಾಟಲ್ಲೇ ಇಲ್ಲ, ಗಾಳಿ ಪೂರ್ತಿ ಒಳಗೆ ಹೋಗುತ್ತೆ, ಮ್ಯಾನಿಫೋಲ್ಡಲ್ಲಿ ಬೂಸ್ಟರಿಗೆ ಬೇಕಾದಷ್ಟು ವ್ಯಾಕ್ಯೂಮ್ ಬರೋದೇ ಇಲ್ಲ. ಈ ಸಲಹೆ ನಂಬಿ ಯಾರಾದ್ರೂ ಘಾಟಿ ಇಳಿದ್ರೆ ಪ್ರಾಣ ಹೋಗುತ್ತೆ.

ಡಿಐಗೆ ವ್ಯಾಕ್ಯೂಮ್ ಪಂಪ್ ಇರೋದು ಆಲ್ಟರ್ನೇಟರ್ ಬೆನ್ನಿಗೆ. ಮೂರು ವಿಷಯ ಕೇಳ್ತೀನಿ ಮಾದಾಪುರದೋರೆ. ನಿಮ್ಮ ಆಲ್ಟರ್ನೇಟರ್ ಪಂಪ್ ಇರೋದಾ, ಇಲ್ಲ ಹಳೇದನ್ನೇ ಹಾಕಿದಾರಾ? ಪಂಪಿಗೆ ಇಂಜಿನ್ ಆಯಿಲ್ ಬರೋ ಸಣ್ಣ ಪೈಪ್ ಕಟ್ಟಿದಾರಾ? ಅದಿಲ್ಲ ಅಂದ್ರೆ ಪಂಪ್ ಒಣಗಿ ಸವೆದು ಹೋಗುತ್ತೆ. ಬೂಸ್ಟರಿಗೆ ಹೋಗೋ ಹೋಸ್ ಯಾವ ತರದ್ದು? ಸಾದಾ ನೀರಿನ ಪೈಪ್ ಹಾಕಿದ್ರೆ ಬಿಸಿಗೆ ಮೆತ್ತಗಾಗಿ ಒಳಗೆ ಹೀರ್ಕೊಂಡು ಮುಚ್ಚಿಹೋಗುತ್ತೆ, ಒಂದೊಂದ್ಸಲ ಮಾತ್ರ ಗಟ್ಟಿ ಆಗುತ್ತೆ ಅಂದ್ರಲ್ಲ, ಅದಕ್ಕೆ ಇದೇ ಕಾರಣ ಅನ್ಸುತ್ತೆ.

ಮನೆ ಅಂಗಳದಲ್ಲೇ ನೋಡಿ. ಇಂಜಿನ್ ಆಫ್ ಮಾಡಿ ಪೆಡಲ್ ನಾಲ್ಕೈದು ಸಲ ತುಳಿದು ಗಟ್ಟಿ ಮಾಡ್ಕೊಳ್ಳಿ. ಕಾಲು ಒತ್ತಿಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿದ್ರೆ ಬೂಸ್ಟರಿಗೆ ವ್ಯಾಕ್ಯೂಮ್ ಬರ್ತಿದೆ. ಇಳೀಲಿಲ್ಲ ಅಂದ್ರೆ ಇಲ್ಲ.

ತೋಟದ ಜೀಪು (ಮಾದಾಪುರ)
ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಜನ ಬರೀತಾರೆ ಅಂದ್ಕೊಂಡಿರಲಿಲ್ಲ. ಮಾಡಿದ್ದು ಹೇಳ್ತೀನಿ.

ತಣ್ಣಗಿದ್ದಾಗ ಕ್ಯಾಪ್ ತೆಗ್ದು ಸ್ಟಾರ್ಟ್ ಮಾಡ್ದೆ. ಮೊದಲು ಒಂದಿಷ್ಟು ಗಾಳಿ ಬಂತು, ಆಮೇಲೆ ಗುಳ್ಳೆ ಇಲ್ಲ. ಹೋಸ್ ಮೆತ್ತಗೇ ಇತ್ತು. ಆಯಿಲ್ ಕಪ್ಪಗೇ ಇದೆ, ಹಾಲಿನ ಬಣ್ಣ ಇಲ್ಲ. ಆಮೇಲೆ ಮಲ್ಟಿಮೀಟರ್ ಅಣ್ಣ ಹೇಳಿದ ಪರೀಕ್ಷೆ, ಸೆಲ್ಫ್ ಹೊಡೆದಾಗ ಎರಡು ವೋಲ್ಟಿಗಿಂತ ಜಾಸ್ತಿ ತೋರಿಸ್ತು! ಕೆಳಗೆ ಮಲ್ಕೊಂಡು ಹುಡುಕಿದ್ರೆ ಸ್ಟ್ರಾಪೇ ಇಲ್ಲ, ಚಾಸಿ ಕಡೆ ಬೋಲ್ಟ್ ಮಾತ್ರ ಖಾಲಿ ನೇತಾಡ್ತಿದೆ. ಸುಂಟಿಕೊಪ್ಪದಲ್ಲಿ ವೆಲ್ಡಿಂಗ್ ಕೇಬಲ್ ತುಂಡು ತಗೊಂಡು ಎರಡು ಕಡೆ ತಾಮ್ರದ ಲಗ್ ಹೊಡೆಸಿ, ಬಣ್ಣ ಕೆರೆದು ಬೋಲ್ಟ್ ಮಾಡ್ದೆ. ಸ್ಟಾರ್ಟರ್ ಈಗ ಚುರುಕಾಗಿ ತಿರುಗುತ್ತೆ, ಸಂಜೆ ಲೈಟ್ ಹಾಕಿದ್ರೂ ಮುಳ್ಳು ಅಲ್ಲಾಡಲ್ಲ. ಅಪ್ಪನಿಗೆ ನಂಬಕ್ಕೇ ಆಗ್ಲಿಲ್ಲ.

ಬ್ರೇಕ್: ಆಲ್ಟರ್ನೇಟರಲ್ಲಿ ಪಂಪ್ ಇದೆ, ಆಯಿಲ್ ಪೈಪೂ ಇದೆ. ಹೋಸ್ ಮಾತ್ರ ನೀವು ಹೇಳಿದ ಹಾಗೇ ಸಾದಾ ರಬ್ಬರ್ ಪೈಪು, ಎಗ್ಸಾಸ್ಟ್ ಪಕ್ಕದಲ್ಲೇ ಹೋಗಿ ಒಂದು ಕಡೆ ಚಪ್ಪಟೆ ಆಗಿದೆ. ಅದನ್ನ ಬದಲಾಯಿಸೋವರೆಗೆ ಗಾಡಿ ಗೇಟ್ ದಾಟಲ್ಲ.

ಬಿಳಿ ಹೊಗೆ, ನಡುಕ ಹಾಗೇ ಇದೆ. ಅಪ್ಪ ಈಗಲೂ ಹಳೇ ಅಭ್ಯಾಸದಲ್ಲಿ ಹೀಟರ್ ಸ್ವಿಚ್ ಹಿಡ್ಕೊಂಡು ಕಾಯ್ತಾರೆ, ಅದು ಬೇಕಾ?

ಡೀಸೆಲ್ ಪಂಪ್ (ಕುಶಾಲನಗರ)
ಬೇಡ. ಪ್ಯೂಜೋಲಿ ಡೀಸೆಲ್ ಮೊದಲು ಹೆಡ್ ಒಳಗಿನ ಸಣ್ಣ ಕೋಣೇಲಿ ಹತ್ಕೋಬೇಕು, ತಣ್ಣಗಿದ್ರೆ ಹತ್ತಲ್ಲ, ಅದಕ್ಕೆ ಹೀಟರ್ ಪ್ಲಗ್. ಡಿಐಲಿ ಡೀಸೆಲ್ ನೇರ ಪಿಸ್ಟನ್ ತಲೆ ಮೇಲೇ ಬೀಳುತ್ತೆ, ಹೀಟರ್ ಪ್ಲಗ್ಗೇ ಇಲ್ಲ. ಆ ಸ್ವಿಚ್ಚಿನ ವೈರ್ ಎಲ್ಲಿಗೆ ಹೋಗುತ್ತೆ ನೋಡಿ, ತುದಿ ಬಿಟ್ಟಿದ್ರೆ ಟೇಪ್ ಸುತ್ತಿ, ತಗುಲಿದ್ರೆ ಬೆಂಕಿ.

ಬೆಳಗಿನ ಬಿಳಿ ಹೊಗೆ ಮತ್ತೆ ಮಿಸ್ಸಿಗೆ ನನ್ನ ಅನುಮಾನ ಡೀಸೆಲ್ ಲೈನಿಗೆ ಗಾಳಿ ಸೇರ್ತಿದೆ. ಜೀಪಿನ ಮೂತಿ ಇಳಿಜಾರಿನ ಕಡೆ ಮಾಡಿ ನಿಲ್ಸಿ, ಬೆಳಿಗ್ಗೆ ನೋಡಿ. ಟ್ಯಾಂಕ್ ಹಿಂದೆ ಎತ್ತರದಲ್ಲಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗಿ, ಮೂತಿ ಏರಿನ ಕಡೆ ಇದ್ದಾಗ ಕಷ್ಟ ಆದ್ರೆ ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳೀತಿದೆ ಅಂತ ಲೆಕ್ಕ. ಪೈಪ್ ಜಾಯಿಂಟಿನ ತಾಮ್ರದ ವಾಷರ್ ಹಳೇದನ್ನೇ ಹಾಕಿರ್ತಾರೆ, ಎಲ್ಲ ಹೊಸದು ಹಾಕ್ಸಿ, ಅಗ್ಗದ್ದೇ. ಪಾರದರ್ಶಕ ಪೈಪ್ ತುಂಡು ಮಧ್ಯೆ ಹಾಕಿದ್ರೆ ಗುಳ್ಳೆ ಕಣ್ಣಿಗೇ ಕಾಣುತ್ತೆ. ಆಮೇಲೆ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲ ಮಾಡಿ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಗಾಳಿ ಪೂರ್ತಿ ತೆಗೀರಿ.

ಹಳೇ ವಿಲ್ಲಿಸ್ (ವಿರಾಜಪೇಟೆ)
ನಡುಕ ಎರಡು ಥರ ಇದೆ ಅಂತ ನೀವೇ ಬರ್ದಿದ್ದೀರಿ, ಬೇರೆ ಬೇರೆಯಾಗೇ ನೋಡಬೇಕು. ಸಪಾಟು ರಸ್ತೇಲಿ 50ಕ್ಕೆ ಬಂದಾಗ ಕ್ಲಚ್ ಒತ್ತಿ, ಇಂಜಿನ್ ಐಡ್ಲಿಂಗಿಗೆ ಬರಲಿ. ನಡುಕ ಹಾಗೇ ಉಳಿದ್ರೆ ಅದು ಇಂಜಿನ್ನಿಂದಲ್ಲ, ಪ್ರೊಪೆಲ್ಲರ್ ಶಾಫ್ಟಿಂದ (ಗೇರ್ ಕಡೆಯಿಂದ ಆಕ್ಸಲ್ಲಿಗೆ ಹೋಗೋ ತಿರುಗೋ ದಂಡ) ಅಥವಾ ಚಕ್ರದಿಂದ. ಇಂಜಿನ್ ಕೂರಿಸುವಾಗ ಶಾಫ್ಟನ್ನ ಎರಡು ತುಂಡಾಗಿ ಎಳೆದು ಮತ್ತೆ ಸೇರಿಸಿರ್ತಾರೆ, ಎರಡು ತುದಿಯ ಯೋಕ್ (ಜಾಯಿಂಟ್ ಹಿಡಿಯೋ ಕವಲು) ಒಂದೇ ನೇರದಲ್ಲಿ ಬರಬೇಕು, ಒಂದು ಹಲ್ಲು ಆಚೀಚೆ ಆದ್ರೂ ನಡುಗುತ್ತೆ. ಹೆಚ್ಚಿನ ಶಾಫ್ಟಲ್ಲಿ ಬಾಣದ ಗುರುತು ಇರುತ್ತೆ, ಕೆಸರು ಕೆರೆದು ನೋಡಿ.

ಕುಶಾಲನಗರ ಟಿಂಕರ್
ನಿಂತಲ್ಲಿ ನಡುಗೋದಕ್ಕೆ ಮೌಂಟಿಂಗ್ ನೋಡಿ. ಕೆಲವರು ಅಂಗಡೀಲಿ ಸಿಕ್ಕಿದ ಲಾರಿ ರಬ್ಬರ್ ಕಟ್ ಮಾಡಿ ಹಾಕ್ತಾರೆ, ಅದು ಗಟ್ಟಿ, ಅಷ್ಟೂ ನಡುಕ ಚಾಸಿಗೆ ಬರುತ್ತೆ. ಆ ಇಂಜಿನ್ನಿಗೆ ಅಂತಲೇ ಬರೋ ಮೌಂಟಿಂಗ್ ಹಾಕಿ, ಬ್ರ್ಯಾಕೆಟ್ ಬೇಕಾದ್ರೆ ಹೊಸದಾಗಿ ಮಾಡ್ಸಿ. ಆಮೇಲೆ ಘಾಟಿ ಹೀಟಿಗೆ ಒಂದು ಪ್ರಶ್ನೆ, ಫ್ಯಾನಿಗೂ ರೇಡಿಯೇಟರ್‌ಗೂ ಎಷ್ಟು ಗ್ಯಾಪ್ ಇದೆ? ಫ್ಯಾನ್ ಸುತ್ತ ತಗಡಿನ ಶ್ರೌಡ್ ಇದೆಯಾ?

ತೋಟದ ಜೀಪು (ಮಾದಾಪುರ)
ಶ್ರೌಡ್ ಇಲ್ಲ. ಗ್ಯಾಪ್ ನನ್ನ ಅಂಗೈ ಪೂರ್ತಿ ಹೋಗುತ್ತೆ.

ಕುಶಾಲನಗರ ಟಿಂಕರ್
ಹಾಗಾದ್ರೆ ಅದೇ. ಇಂಜಿನ್ ಹಿಂದಕ್ಕೆ ಕೂತಿದೆ, ಫ್ಯಾನ್ ದೂರ ಆಗಿದೆ, ರೇಡಿಯೇಟರ್ ಮೂಲಕ ಗಾಳಿ ಎಳೆಯೋ ಬದಲು ಪಕ್ಕದಿಂದ, ಇಂಜಿನ್ ಕಡೆಯ ಬಿಸಿ ಗಾಳೀನೇ ಎಳ್ಕೊಂಡು ಸುತ್ತಿಸ್ತಾ ಇದೆ. ಸಪಾಟು ರಸ್ತೇಲಿ ಗಾಡಿ ಓಟದ ಗಾಳಿ ಸಾಕಾಗುತ್ತೆ, ಘಾಟೀಲಿ ವೇಗ ಇಲ್ಲ, ಇಂಜಿನ್ ದುಡೀತಾ ಇರುತ್ತೆ, ಅಲ್ಲಿ ಇರೋದು ಫ್ಯಾನ್ ಒಂದೇ. ರೇಡಿಯೇಟರ್ ಅಂಚಿನಿಂದ ಫ್ಯಾನ್ ಸುತ್ತ ಬರೋ ಹಾಗೆ ತಗಡಲ್ಲಿ ಶ್ರೌಡ್ ಮಾಡ್ಸಿ, ಫ್ಯಾನ್ ರೆಕ್ಕೆ ಅರ್ಧ ಶ್ರೌಡ್ ಒಳಗೆ, ಅರ್ಧ ಹೊರಗೆ ಇರ್ಬೇಕು. ಮೌಂಟಿಂಗ್ ರಬ್ಬರಲ್ಲಿ ಇಂಜಿನ್ ಅಲ್ಲಾಡುತ್ತೆ, ಸುತ್ತ ಒಂದು ಇಂಚು ಜಾಗ ಬಿಡಿ. ಫ್ಯಾನ್ ಉಲ್ಟಾ ಹಾಕಿದಾರಾ ಅಂತಲೂ ನೋಡಿ, ಉಲ್ಟಾ ಹಾಕಿದ್ರೂ ಅದೇ ದಿಕ್ಕಿಗೆ ಗಾಳಿ ಬರುತ್ತೆ ಆದ್ರೆ ತುಂಬಾ ಕಮ್ಮಿ. ಕೆಳಗಿನ ಹೋಸ್ 3000ದ ಹತ್ರ ರೇಸ್ ಕೊಟ್ಟಾಗ ಒಳಗೆ ಹೀರ್ಕೊಳ್ಳುತ್ತಾ ನೋಡಿ, ಒಳಗೆ ಸ್ಪ್ರಿಂಗ್ ಇರೋ ಹೋಸ್ ಹಾಕ್ಬೇಕು.

ಕೊಯನಾಡಿನವ
ಮತ್ತೆ ಡ್ರೈವಿಂಗ್ ಬಗ್ಗೆ ಒಂದು ಮಾತು. ಡಿಐ ಎಳೀತದೆ ಹೇಳಿ ಮೂರನೇ ಗೇರಲ್ಲೇ ಗುಂಯ್‌ಗುಟ್ಟಿಸ್ಕೊಂಡು ಘಾಟಿ ಹತ್ಬೇಡಿ. ಆರ್‌ಪಿಎಂ ಕಮ್ಮಿ ಅಂದ್ರೆ ಫ್ಯಾನೂ ನಿಧಾನ, ವಾಟರ್ ಪಂಪೂ ನಿಧಾನ. ಎರಡಕ್ಕೆ ಹಾಕಿ. 2018ರ ಆಗಸ್ಟಲ್ಲಿ ಗುಡ್ಡ ಜರಿದು ನಮ್ಮ ರಸ್ತೆ ಮುಚ್ಚಿ, ಆಮೇಲೆ ತೆರೆದಾಗ ಒಂದೇ ಬದಿ ಗಾಡಿ ಬಿಡ್ತಿದ್ರಲ್ಲ, ಆಗ ನಿಂತು ನಿಂತು ಹತ್ತುವಾಗ ಹೀಟಾಗಿ ನಿಂತ ಗಾಡಿಗಳನ್ನ ಸಾಕಷ್ಟು ನೋಡಿದ್ದೇನೆ. ರೇಡಿಯೇಟರ್ ಮುಂದೆ ಎಕ್ಸ್‌ಟ್ರಾ ಲೈಟು, ಬೋರ್ಡು ಕಟ್ಟಿದವರದ್ದೇ ಮೊದ್ಲು ನಿಲ್ತಿತ್ತು.

ಬೆಂಗಳೂರಲ್ಲಿರೋ ಕೊಡಗಿನವ
ಮಂಡಲಪಟ್ಟಿ ಬೆಟ್ಟ ಹತ್ತೋ ಜೀಪುಗಳೆಲ್ಲ ಹೆಂಗೆ ಹತ್ತುತ್ತೋ ಆಶ್ಚರ್ಯ. ಅವೂ ಇಂಜಿನ್ ಬದಲಾಯಿಸಿದ್ವೇ ಅಲ್ವಾ?

ಆರ್‌ಸಿ ಬುಕ್ (ಮಡಿಕೇರಿ)
ಬೇರೆಯವರ ಗಾಡಿ ವಿಷಯ ಬಿಡಿ, ಪೋಸ್ಟ್ ಹಾಕಿದೋರಿಗೆ ಒಂದು ಪ್ರಶ್ನೆ. ಆರ್‌ಸೀಲಿ ಇಂಜಿನ್ ನಂಬರ್ ಬದಲಾಯ್ತಾ? ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸೀಲಿರೋ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಇಂಜಿನ್ ಬದಲಾಯಿಸೋ ಮೊದಲೇ ಆರ್‌ಟಿಒ ಹತ್ರ ಕೇಳಬೇಕಿತ್ತು.

ಪೊನ್ನಂಪೇಟೆ 550
ತೋಟದೊಳಗೆ ಓಡೋ ಜೀಪಿನ ಇಂಜಿನ್ ನಂಬರ್ ಯಾರು ನೋಡ್ತಾರೆ ಸಾರ್. ಸುಮ್ನೆ ಹೆದರಿಸ್ಬೇಡಿ.

ಆರ್‌ಸಿ ಬುಕ್ (ಮಡಿಕೇರಿ)
ಹೆದರಿಸ್ತಿಲ್ಲ. ಇದು ತೋಟದೊಳಗೆ ಮಾತ್ರ ಓಡ್ತಿಲ್ಲ, ಸುಳ್ಯಕ್ಕೆ ಹೋಗುತ್ತೆ ಅಂತ ಅವರೇ ಬರ್ದಿದಾರೆ. ಕುಯ್ಲಿನ ಟೈಮಲ್ಲಿ ಹಿಂದೆ ಕೆಲಸದವರನ್ನ ಕೂರಿಸ್ಕೊಂಡು ಹೋಗ್ತಾರೆ. ಏನಾದ್ರೂ ಆದ್ರೆ ಇನ್ಶೂರೆನ್ಸ್‌ನೋರು ಮೊದಲು ನೋಡೋದು ಚಾಸಿ ನಂಬರ್, ಇಂಜಿನ್ ನಂಬರ್. ಆರ್‌ಸಿಗೆ ಹೊಂದ್ಲಿಲ್ಲ ಅಂದ್ರೆ ಕ್ಲೇಮ್ ತಕರಾರು ಗ್ಯಾರಂಟಿ, ಗಾಯ ಆದೋರ ಮನೆಯೋರಿಗೆ ಯಾರು ಉತ್ತರ ಕೊಡ್ತಾರೆ? ಮಾದಾಪುರದೋರೆ, ಇಂಜಿನ್ ತಗೊಂಡ ಬಿಲ್ಲು, ಅದು ಯಾವ ಗಾಡಿದು ಅನ್ನೋ ಕಾಗದ ಜೋಪಾನ ಇಡಿ. ಕಳ್ಳ ಗಾಡಿ ಇಂಜಿನ್ ಅಲ್ಲ ಅಂತ ತೋರಿಸಕ್ಕೂ ಅದೇ ಬೇಕು. ಮಡಿಕೇರಿ ಆರ್‌ಟಿಒಗೆ ಹೋಗಿ ನೇರ ಮಾತಾಡಿ, ಎಫ್‌ಸಿ ರಿನ್ಯೂವಲ್ ಬರೋವರೆಗೆ ಕಾಯಬೇಡಿ.

ತೋಟದ ಜೀಪು (ಮಾದಾಪುರ)
ಬಿಲ್ಲು, ಸ್ಕ್ರ್ಯಾಪ್ ಕಾಗದ ಎಲ್ಲ ಇದೆ ಸಾರ್. ಸೋಮವಾರ ಮಡಿಕೇರಿಗೆ ಹೋಗ್ತೀನಿ, ಬಸ್ಸಲ್ಲಿ.

ಕೆಲಸದ ಸುದ್ದಿ: ವ್ಯಾಕ್ಯೂಮ್ ಹೋಸ್ ಬದಲಾಯ್ತು, ಒಳಗೆ ದಾರದ ಪದರ ಇರೋ ಬ್ರೇಕ್ ಹೋಸೇ ಹಾಕ್ಸಿ, ಎಗ್ಸಾಸ್ಟಿಂದ ದೂರ ಕ್ಲಾಂಪ್ ಮಾಡಿಸ್ದೆ. ಸ್ಟಾರ್ಟ್ ಮಾಡ್ತಿದ್ದ ಹಾಗೆ ಪೆಡಲ್ ಇಳಿಯುತ್ತೆ. ತಾಮ್ರದ ವಾಷರ್ ಎಲ್ಲ ಹೊಸದು, ಫಿಲ್ಟರ್ ಹತ್ರದ್ದೊಂದು ಹಳೇ ವಾಷರ್ ಕತ್ತರಿಸಿದ ಹಾಗೆ ಗೆರೆ ಬಿದ್ದಿತ್ತು, ಬೆಳಗಿನ ಹೊಗೆ ಮತ್ತೆ ಮಿಸ್ಸು ಹೋಯ್ತು. ಕ್ಲಚ್ ಒತ್ತಿದ್ರೂ 50ರ ನಡುಕ ಹೋಗ್ಲಿಲ್ಲ, ಶಾಫ್ಟ್ ಬಾಣದ ಗುರುತು ನಿಜಕ್ಕೂ ಆಚೀಚೆ ಇತ್ತು, ಬಿಚ್ಚಿ ಸೇರಿಸಿದ್ವಿ, ಈಗ ಸ್ಟೀರಿಂಗ್ ಶಾಂತ. ನಿಂತಲ್ಲಿ ನಡುಗೋದು ಮಾತ್ರ ಪೂರ್ತಿ ಹೋಗಿಲ್ಲ, ಮೌಂಟಿಂಗ್ ಬರೋಕೆ ಹೇಳಿದೀನಿ. ಶ್ರೌಡ್ ತಯಾರಾಗಿದೆ, ಇನ್ನೂ ಘಾಟಿಗೆ ತಗೊಂಡು ಹೋಗಿಲ್ಲ.

ಡೀಸೆಲ್ ಪಂಪ್ (ಕುಶಾಲನಗರ)
ಘಾಟಿಗೆ ಹೋಗೋ ಮೊದಲು ಹೊಗೆ ಬಣ್ಣ ನೋಡಿ. ಏರಲ್ಲಿ ಕಪ್ಪು ಹೊಗೆ ದಟ್ಟವಾಗಿ ಬಂದ್ರೆ ಪಂಪ್ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡಿರ್ತಾರೆ, ಗಾಡಿ ಕೊಡುವಾಗ ಎಳೆತ ಜೋರು ಅನ್ನಿಸಲಿ ಅಂತ. ಆ ಹೆಚ್ಚಿನ ಡೀಸೆಲ್ಲಿಂದ ಹೆಡ್ಡಿಗೆ ಬಿಸಿ ಜಾಸ್ತಿ ಆಗುತ್ತೆ. ಪಂಪ್ ಟೆಸ್ಟ್ ಬೆಂಚ್ ಇರೋ ಕಡೆ ಸೆಟ್ ಮಾಡ್ಸಿ, ಕಿವಿಗೆ ಕೇಳಿ ಅಂದಾಜಲ್ಲಿ ಮಾಡೋರ ಹತ್ರ ಬೇಡ. ಇನ್ನೊಂದು, ಇಂಜೆಕ್ಟರ್ ಪೈಪ್ ಸಡಿಲ ಮಾಡಿ ಮಿಸ್ ಹುಡುಕೋ ಪದ್ಧತಿ ಇದೆಯಲ್ಲ, ಕೈ ಅಡ್ಡ ಹಿಡಿಯಬೇಡಿ. ಆ ಒತ್ತಡದಲ್ಲಿ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ, ಸಣ್ಣ ಗಾಯದ ಥರ ಕಾಣುತ್ತೆ, ಬೆರಳೇ ತೆಗೀಬೇಕಾಗಬಹುದು.

ತೋಟದ ಜೀಪು (ಮಾದಾಪುರ)
ನಿನ್ನೆ ಮಧ್ಯಾಹ್ನದ ಬಿಸಿಲಲ್ಲಿ ಸಂಪಾಜೆಯಿಂದ ಮಡಿಕೇರಿವರೆಗೆ ಹತ್ತಿಸ್ದೆ, ಹಿಂದೆ ಮೂಟೆ ಹೇರ್ಕೊಂಡು. ಬಹುತೇಕ ಎರಡನೇ ಗೇರು. ದೇವರಕೊಲ್ಲಿ ದಾಟುವಾಗ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಯ್ತು, ಅಲ್ಲೇ ನಿಂತ್ಕೊಳ್ತು, ಮದೆನಾಡಲ್ಲಿ ಮತ್ತೆ ಇಳೀತು. ಥರ್ಮೋಸ್ಟಾಟ್ ಒಳಗೇ ಇದೆ. ಹೆಡ್ಡು, ರೇಡಿಯೇಟರ್ ಯಾವುದನ್ನೂ ಮುಟ್ಟಿಲ್ಲ. ಕಪ್ಪು ಹೊಗೆ ಇದೆ, ಪಂಪ್ ಬೆಂಚಿಗೆ ಕೊಡ್ತೀನಿ. ಮುಂದಿನ ಸ್ಪ್ರಿಂಗ್ ಸ್ವಲ್ಪ ಕೂತಿದೆ ಅನ್ಸುತ್ತೆ, ಇಂಜಿನ್ ಭಾರಕ್ಕೆ ಇರಬಹುದಾ?

ಹಳೇ ವಿಲ್ಲಿಸ್ (ವಿರಾಜಪೇಟೆ)
ಹೌದು, ಡಿಐ ಭಾರ. ಮುಂದೆ ಒಂದು ಪ್ಲೇಟ್ ಸೇರಿಸಿ ಸಾಕು, ಎರಡು ಸೇರಿಸಿದ್ರೆ ತೋಟದ ರಸ್ತೇಲಿ ಬೆನ್ನು ಹೋಗುತ್ತೆ. ಪ್ಲೇಟ್ ಸೇರಿಸಿದ್ಮೇಲೆ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಇನ್ನೊಮ್ಮೆ ನೋಡಿ.

ಗೋಣಿಕೊಪ್ಪ ಜಿಪ್ಸಿ
ಇದೇ ಜಾಗದಲ್ಲಿ ಕೇಳ್ತೀನಿ ಬೇಜಾರಾಗ್ಬೇಡಿ. ಹಳೇ ಕಾರ್ಬೊರೇಟರ್ ಜಿಪ್ಸಿಗೆ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಇಂಜಿನ್ ಹಾಕ್ಸಿದೀನಿ, ಸಪಾಟಲ್ಲಿ ಚೆನ್ನಾಗಿದೆ, ಕುಟ್ಟ ಕಡೆ ಏರಲ್ಲಿ ತಿರುವು ತಗೊಳ್ಳುವಾಗ ಒಮ್ಮೆಲೇ ಆಫ್ ಆಗುತ್ತೆ, ಸಪಾಟಿಗೆ ಬಂದ್ರೆ ಮತ್ತೆ ಸ್ಟಾರ್ಟ್. ಟ್ಯಾಂಕ್ ಹಳೇದೇ ಇದೆ.

ಮಲ್ಟಿಮೀಟರ್ (ಸೋಮವಾರಪೇಟೆ)
ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕಮ್ಮಿ ಇದ್ದಾಗ ಮಾತ್ರ ಹಾಗಾಗುತ್ತಾ ನೋಡಿ. ಕಾರ್ಬೊರೇಟರಲ್ಲಿ ಸ್ವಲ್ಪ ಪೆಟ್ರೋಲ್ ಯಾವಾಗಲೂ ನಿಂತಿರುತ್ತೆ, ಪಂಪ್ ಒಂದು ಕ್ಷಣ ಗಾಳಿ ಎಳೆದ್ರೂ ಗೊತ್ತಾಗಲ್ಲ. ಎಂಪಿಎಫ್‌ಐಲಿ ಒತ್ತಡ ಬಿದ್ದ ತಕ್ಷಣ ಆಫ್. ಪಂಪ್ ಸುತ್ತ ಪೆಟ್ರೋಲ್ ಹಿಡಿದಿಡೋ ಡಬ್ಬ ಇರೋ ಎಂಪಿಎಫ್‌ಐ ಟ್ಯಾಂಕೇ ಹಾಕ್ಸಿ, ರಿಟರ್ನ್ ಲೈನ್ ಆ ಡಬ್ಬಕ್ಕೇ ಬೀಳಬೇಕು. ತುಂಬಿದ ಟ್ಯಾಂಕಲ್ಲೂ ಆಫ್ ಆದ್ರೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಅರ್ಥ್ ವೈರ್ ಎಲ್ಲಿ ಬೋಲ್ಟ್ ಮಾಡಿದಾರೆ ನೋಡಿ, ಇಂಜಿನ್ ಬ್ಲಾಕ್ ಮೇಲೇ ಇರಲಿ.